ಪದಗಳ ಪಟ್ಟಿ ಮಾಡಿದ್ರೆ ನ್ಯಾಯ ಆಗುತ್ತಾ?

ಕ್ಯಾಂಪಸ್ಸಿನ ಗ್ರೂಪ್‌ಗಳಲ್ಲಿ ಈಗ ಒಂದು ಮಾತು ಓಡಾಡ್ತಿದೆ. ಕ್ಲಾಸ್ ಗ್ರೂಪು, ಹಾಸ್ಟೆಲ್ ಗ್ರೂಪು, ಕಡೆಗೆ ಕ್ಲಬ್ಬಿನ ಸ್ಕಿಟ್‌ಗಳಲ್ಲೂ ಅಂಗವೈಕಲ್ಯವನ್ನೇ ಬೈಗುಳ ಮಾಡಿಕೊಂಡು ಮಾತಾಡೋದು ಜಾಸ್ತಿ ಆಗಿದೆ. ಅದಕ್ಕೆ ಒಂದು ನಿಷೇಧಿತ ಪದಗಳ ಪಟ್ಟಿ ಮಾಡಿಬಿಡೋಣ. ಆ ಪದ ಬಂದ್ರೆ ಮೆಸೇಜ್ ಡಿಲೀಟ್, ಮೂರು ಸಲ ಆದ್ರೆ ಆ ವ್ಯಕ್ತಿ ಗ್ರೂಪಿಂದ ಹೊರಗೆ. ಕುಂಟ, ಕುರುಡ, ಕಿವುಡ, ಮೂಗ, ಹುಚ್ಚ, ಮೆಂಟಲ್ ಎಲ್ಲ ಪಟ್ಟಿಗೆ ಸೇರಲಿ. ಕೇಳೋಕೆ ತುಂಬಾ ನೀಟಾಗಿದೆ. ಎಂಜಿನಿಯರಿಂಗ್ ಹುಡುಗ್ರು ಹುಡುಗೀರಿಗೆ ಇಷ್ಟ ಆಗೋ ಥರದ ಪರಿಹಾರ: ಇನ್‌ಪುಟ್ ಬಂತು, ಚೆಕ್ ಮಾಡಿದ್ವಿ, ಔಟ್‌ಪುಟ್ ಕೊಟ್ವಿ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಇಂಥ ಮಾತು ನಿಲ್ಲಲೇಬೇಕು, ಅದರಲ್ಲಿ ಎರಡನೇ ಮಾತಿಲ್ಲ. ಆದ್ರೆ ಪಟ್ಟಿ ಮಾಡಿದ್ರೆ ಅದು ನಿಲ್ಲಲ್ಲ. ಅಷ್ಟೇ ಅಲ್ಲ, ಪಟ್ಟಿ ತಪ್ಪು ಮಾಡಿದವರನ್ನ ಬಿಟ್ಟು ಬೇರೆಯವರನ್ನ ಹಿಡಿಯುತ್ತೆ. ಯಾಕೆ ಅಂತ ಹೇಳೋಕೆ ನಮ್ಮ ಬೆಂಗಳೂರಿನದೇ ಒಂದು ಕಥೆ ಇದೆ.

ಹೊಸೂರು ರಸ್ತೆಯ ನಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಅದರ ಹಿಂದಿನ ಹೆಸರುಗಳು ಎಷ್ಟು ಜನಕ್ಕೆ ಗೊತ್ತೋ ಇಲ್ವೋ. ಬ್ರಿಟಿಷರ ಕಾಲದಲ್ಲಿ ಅದು 'ಲುನಾಟಿಕ್ ಅಸೈಲಮ್', ಅಂದ್ರೆ ನೇರವಾಗಿ ಹುಚ್ಚಾಸ್ಪತ್ರೆ. ಆ ಹೆಸರು ಅವಮಾನ ಅನ್ನಿಸಿದ್ದಕ್ಕೋ ಏನೋ, 1925ರಲ್ಲಿ ಮೈಸೂರು ಸರ್ಕಾರ ಅದನ್ನ 'ಮೆಂಟಲ್ ಹಾಸ್ಪಿಟಲ್' ಅಂತ ಬದಲಿಸಿತು. ಆಗ 'ಮೆಂಟಲ್' ಅನ್ನೋದು ಒಳ್ಳೇ, ವೈದ್ಯಕೀಯವಾದ, ಮರ್ಯಾದಸ್ಥ ಪದ. ಮುಂದೆ 1974ರಲ್ಲಿ ಆ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಕಾನೂನೂ ಇದೇ ದಾರಿಯಲ್ಲಿ ನಡೀತು. 1912ರಲ್ಲಿ 'ಲುನಸಿ' ಕಾಯ್ದೆ, 1987ರಲ್ಲಿ ಮಾನಸಿಕ ಆರೋಗ್ಯ ಕಾಯ್ದೆ, 2017ರಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ.

ಈಗ ಕ್ಯಾಂಟೀನಲ್ಲಿ ಹತ್ತು ನಿಮಿಷ ಕೂತು ಕೇಳಿ. 'ಹುಚ್ಚ' ಬೈಗುಳವಾಗಿ ಹಾಗೇ ಇದೆ. ಅದರ ಬದಲಿಗೆ ಬಂದ 'ಮೆಂಟಲ್' ಕೂಡ ಬೈಗುಳ ಆಗಿದೆ, 'ಲೇ ಮೆಂಟಲ್' ಅಂತ ಕರೆದ್ರೆ ಡಿಕ್ಷನರಿ ನೋಡಬೇಕಾಗಿಲ್ಲ. ಅದರ ಬದಲಿಗೆ ಬಂದ ನಿಮ್ಹಾನ್ಸೂ ಬೈಗುಳ: 'ಇವ್ನು ನಿಮ್ಹಾನ್ಸ್ ಕೇಸು ಮಗಾ', 'ಇವಳನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು'. ನೂರು ವರ್ಷದಲ್ಲಿ ಬೋರ್ಡ್ ಬದಲಾಯ್ತು, ಕಾನೂನು ಬದಲಾಯ್ತು, ಅವಮಾನ ಮಾತ್ರ ಹೊಸ ವಿಳಾಸ ಹುಡುಕಿಕೊಂಡು ಹಿಂದೆಯೇ ಬಂತು. ದೇಶದ ದೊಡ್ಡ ದೊಡ್ಡ ಮನೋವೈದ್ಯರು ಓದಿ ಬಂದ ಸಂಸ್ಥೆಯ ಹೆಸರೇ ಇವತ್ತು ನಮ್ಮೂರಲ್ಲಿ ಬೈಗುಳ. ನಾಳೆ ನಾವು 'ಮೆಂಟಲ್'ನ ಪಟ್ಟಿಗೆ ಹಾಕಿದ್ರೆ ಜನ ನಿಮ್ಹಾನ್ಸ್ ಅಂತಾರೆ. ನಿಮ್ಹಾನ್ಸೂ ಪಟ್ಟಿಗೆ ಹಾಕ್ತೀವಾ? ಹಾಗಾದ್ರೆ ನಿಜವಾಗಿ ಅಲ್ಲಿಗೆ ಹೋಗಬೇಕಾದ ಗೆಳೆಯನಿಗೆ ವಿಳಾಸ ಹೇಳೋ ಮೆಸೇಜೂ ಡಿಲೀಟ್ ಆಗುತ್ತೆ.

ಅಂಗವೈಕಲ್ಯ ಇರುವವರನ್ನ ಒಟ್ಟಾಗಿ ಕರೆಯೋ ಹೆಸರಿನ ಕಥೆಯೂ ಹೆಚ್ಚುಕಮ್ಮಿ ಇದೇ. ಮೊದಲು ಅಂಗವಿಕಲ. ಅದು ಸರಿ ಇಲ್ಲ ಅಂತ ವಿಕಲಚೇತನ ಬಂತು. ನಮ್ಮ ರಾಜ್ಯದ ಇಲಾಖೆಯ ಹೆಸರಲ್ಲಿ ಇರೋದು ಇದೇ ಪದ. ಆದ್ರೆ ಒಂದು ನಿಮಿಷ ಬಿಡಿಸಿ ನೋಡಿ. 'ಅಂಗವಿಕಲ'ದಲ್ಲಿ ಕೊರತೆ ಇರೋದು ಅಂಗಕ್ಕೆ. 'ವಿಕಲಚೇತನ'ದಲ್ಲಿ ಕೊರತೆ ಚೇತನಕ್ಕೇ ಬಂತಲ್ವಾ? ಗೌರವ ಕೊಡೋಕೆ ಹೋಗಿ ಕಾಲಿನ ತೊಂದರೆಯನ್ನ ಪ್ರಾಣಕ್ಕೇ ತಗುಲಿಸಿದ ಹಾಗಾಯ್ತು. ಅದಾದ ಮೇಲೆ ವಿಶೇಷಚೇತನ ಬಂತು. 2015ರ ಡಿಸೆಂಬರ್‌ನಲ್ಲಿ ಪ್ರಧಾನಿಯವರು 'ಮನ್ ಕಿ ಬಾತ್'ನಲ್ಲಿ ದಿವ್ಯಾಂಗ ಅನ್ನೋ ಪದ ಸೂಚಿಸಿದರು. ಆಗ ಅಂಗವಿಕಲರ ಹಲವು ಸಂಘಟನೆಗಳೇ ಅದನ್ನ ಒಪ್ಪಲಿಲ್ಲ. ನಮ್ಮ ದೇಹದಲ್ಲಿ ದಿವ್ಯವಾದದ್ದು ಏನೂ ಇಲ್ಲ, ನಮಗೆ ಬೇಕಿರೋದು ಹಕ್ಕು ಅನ್ನೋದು ಅವರ ವಾದ. ಸರ್ಕಾರಗಳೇ ಒಂದು ಪದಕ್ಕೆ ಬಂದು ನಿಂತಿಲ್ಲ. ಹೀಗಿರುವಾಗ ಸರಿಯಾದ ಪದ ಗೊತ್ತಿಲ್ಲ ಅಂತ ಫಸ್ಟ್ ಇಯರ್ ಹುಡುಗನನ್ನ ಗ್ರೂಪಿಂದ ತೆಗೆಯೋದು ಎಷ್ಟು ಸರಿ?

ಕನ್ನಡ ಕ್ಲಬ್ಬಿನವರಾಗಿ ನಮಗೆ ಹೆಚ್ಚು ಚುಚ್ಚೋ ವಿಷಯ ಇನ್ನೊಂದಿದೆ. 'ಕುರುಡ' ಅಂದ್ರೆ ಬೈಗುಳ. ಅದೇ ಅರ್ಥದ 'ಅಂಧ' ಅಂದ್ರೆ ಪರವಾಗಿಲ್ಲ. 'ವಿಶುವಲಿ ಚಾಲೆಂಜ್ಡ್' ಅಂದ್ರೆ ತುಂಬಾ ಸಂಸ್ಕಾರ. ಕಿವುಡ, ಬಧಿರ, 'ಹಿಯರಿಂಗ್ ಇಂಪೇರ್ಡ್' ಅನ್ನೋದೂ ಅದೇ ಏಣಿ. ಕೆಳಗಿನ ಮೆಟ್ಟಿಲಲ್ಲಿ ಕನ್ನಡ, ನಡುವೆ ಸಂಸ್ಕೃತ, ಮೇಲೆ ಇಂಗ್ಲಿಷ್. ಅಂದ್ರೆ ಮನೆಮಾತು ಕೊಳಕು, ಕಲಿತ ಮಾತು ಸ್ವಚ್ಛ. ನಮ್ಮಂಥ ಇಂಗ್ಲಿಷ್ ಮೀಡಿಯಂನವರಿಗೆ ಮೇಲಿನ ಮೆಟ್ಟಿಲಿನ ಪದಗಳು ಸ್ಕೂಲಲ್ಲೇ ಸಿಕ್ಕಿವೆ. ಎಲ್ಲರಿಗೂ ಸಿಕ್ಕಿಲ್ಲ.

ಹೀಗೆ ಊಹಿಸಿಕೊಳ್ಳಿ. ಗದಗ ಕಡೆಯ ಒಬ್ಬ ಹುಡುಗ ಗ್ರೂಪಲ್ಲಿ ಬರೀತಾನೆ: 'ನಮ್ಮಜ್ಜಿ ಕುರುಡಿ ಅದಾಳ್ರೀ, ಪರೀಕ್ಷಾ ಮುಗದ ಕೂಡ್ಲೇ ಊರಿಗೆ ಹೋಗ್ಬೇಕು, ಪ್ರಾಜೆಕ್ಟ್ ಮೀಟಿಂಗ್ ಮುಂದಿನ ವಾರ ಇಟ್ಕೊಳ್ಳೋಣೇನ್ರಿ?' ಅದೇ ದಿನ ರಾಜಾಜಿನಗರದ ಇನ್ನೊಬ್ಬ ಬರೀತಾನೆ: 'ಬ್ರೋ ನಿನ್ ಕೋಡ್ ನೋಡಿದ್ರೆ ನೀನು ಫುಲ್ ಆಟಿಸ್ಟಿಕ್ ಅನ್ಸುತ್ತೆ.' ಪಟ್ಟಿ ಯಾರನ್ನ ಹಿಡಿಯುತ್ತೆ? ಅಜ್ಜಿಯನ್ನ ನೋಡಿಕೊಳ್ಳೋಕೆ ಹೋಗೋನನ್ನ. ಯಾರನ್ನ ಬಿಡುತ್ತೆ? ಒಂದು ಸ್ಥಿತಿಯನ್ನೇ ಬೈಗುಳ ಮಾಡಿ ಎಸೆದವನನ್ನ. ಮೊದಲನೆಯವನ ಮಾತಲ್ಲಿ 'ಕುರುಡಿ' ಇದೆ, ಅವಮಾನ ಇಲ್ಲ. ಎರಡನೆಯವನದ್ದು ಮೆಡಿಕಲ್ ಪದ, ಒಳಗಿರೋದು ಪೂರ್ತಿ ಅವಮಾನ. ಸೈಕೋ, ಬೈಪೋಲಾರ್, ಲೇಮ್, ಡಂಬ್, 'ನಂಗೆ ಸ್ವಲ್ಪ ಓಸಿಡಿ ಇದೆ ಕಣೆ' ಎಲ್ಲ ನಮ್ಮ ಬಾಯಲ್ಲಿ ಸ್ಟೈಲಾಗಿ ಓಡಾಡ್ತವೆ. ಕನ್ನಡದ ಪದಗಳಿಗೆ ಮಾತ್ರ ಪೊಲೀಸ್ ಅಂದ್ರೆ ಅದು ಅಂಗವಿಕಲರ ರಕ್ಷಣೆ ಅಲ್ಲ, ಕನ್ನಡ ಮೀಡಿಯಂನವರ ಮೇಲೆ ದಂಡ.

ಕನ್ನಡದಲ್ಲಿ ಗೌರವ ಎಲ್ಲಿರುತ್ತೆ ಅಂತಲೂ ಯೋಚಿಸಿ. ಹೆಚ್ಚಿನ ಸಲ ಅದು ನಾಮಪದದಲ್ಲಿ ಇರಲ್ಲ, ಪ್ರತ್ಯಯದಲ್ಲಿ, ಕ್ರಿಯಾಪದದಲ್ಲಿ, ದನಿಯಲ್ಲಿ ಇರುತ್ತೆ. 'ನೋಡ್ರೋ, ವಿಶೇಷಚೇತನ ಬಂದ' ಅನ್ನೋದ್ರಲ್ಲಿ ಸರ್ಕಾರಿ ಪದ ಇದೆ, ಮರ್ಯಾದೆ ಇಲ್ಲ. 'ಅವರಿಗೆ ಕಣ್ಣು ಕಾಣಲ್ಲ, ಸ್ವಲ್ಪ ದಾರಿ ಬಿಡಿ' ಅನ್ನೋದ್ರಲ್ಲಿ ಯಾವ ವಿಶೇಷ ಪದವೂ ಇಲ್ಲ, ಇರಬೇಕಾದ ಮರ್ಯಾದೆ ಪೂರ್ತಿ ಇದೆ. ಗದಗದ ಪುಟ್ಟರಾಜ ಗವಾಯಿಗಳಿಗೆ ಕಣ್ಣು ಕಾಣ್ತಿರಲಿಲ್ಲ. ಆ ಸೀಮೆಯ ಜನ ಅವರನ್ನ ಕರೆದದ್ದು 'ಅಜ್ಜಾರು' ಅಂತ. ಆ ಬಹುವಚನದ ಮುಂದೆ ದಿವ್ಯಾಂಗ, ವಿಶೇಷಚೇತನ ಯಾವುದೂ ನಿಲ್ಲಲ್ಲ.

ಇನ್ನು ಟೆಕ್ನಿಕಲ್ ಸಮಸ್ಯೆ. ಒಂದು ಬಾಟ್ ಬರೆದ್ರೆ ಕೆಲಸ ಮುಗೀತು ಅನ್ನೋರಿಗೆ ಒಂದು ಲ್ಯಾಬ್ ಎಕ್ಸರ್ಸೈಜ್ ಕೊಡ್ತೀವಿ. ಯೂನಿಕೋಡಿನಲ್ಲಿ 'ಮೂಗು' ಅಂದ್ರೆ 'ಮೂಗ' ಆದಮೇಲೆ ಒಂದು ಉಕಾರದ ಚಿಹ್ನೆ. ಹಾಗಾಗಿ ಸುಮ್ಮನೆ ಸಬ್‌ಸ್ಟ್ರಿಂಗ್ ಹುಡುಕೋ ಬಾಟಿಗೆ 'ಮೂಗು ಕಟ್ಟಿದೆ, ಇವತ್ತು ಕ್ಲಾಸಿಗೆ ಬರಲ್ಲ' ಅನ್ನೋದೂ ಬೈಗುಳವೇ. ಹೊಲದ 'ಕುಂಟೆ'ಯಲ್ಲೂ ನಾವೆಲ್ಲ ಆಡಿದ 'ಕುಂಟೆಬಿಲ್ಲೆ'ಯಲ್ಲೂ 'ಕುಂಟ' ಕೂತಿದೆ. 'ಹುಚ್ಚೆಳ್ಳು ಚಟ್ನಿಪುಡಿ ತಂದಿದೀನಿ, ರೂಮಿಗೆ ಬನ್ನಿ' ಅಂತ ಬರೆದ ಪುಣ್ಯಾತ್ಮನಿಗೆ ಮೊದಲ ವಾರ್ನಿಂಗ್. ಸುದೀಪ್ ಅವರ 2001ರ 'ಹುಚ್ಚ' ಸಿನಿಮಾ ಬಗ್ಗೆ ಮಾತಾಡಿದ್ರೆ ಎರಡನೇದು. 'ಲೂಸು' ಪಟ್ಟಿಗೆ ಸೇರಿದ್ರೆ 'ದುನಿಯಾ'ದ ಲೂಸ್ ಮಾದನೂ ಗ್ರೂಪಿಂದ ಹೊರಗೆ. 1996ರಲ್ಲಿ ಎಒಎಲ್ ಕಂಪನಿಯ ಫಿಲ್ಟರ್ ಇಂಗ್ಲೆಂಡಿನ ಸ್ಕನ್‌ಥೋರ್ಪ್ ಅನ್ನೋ ಊರಿನವರಿಗೆ ಅಕೌಂಟ್ ತೆರೆಯೋಕೇ ಬಿಟ್ಟಿರಲಿಲ್ಲ, ಊರಿನ ಹೆಸರೊಳಗೆ ಒಂದು ಕೆಟ್ಟ ಪದದ ಅಕ್ಷರಗಳು ಇದ್ವು ಅಂತ. ನಮ್ಮಲ್ಲಿ ಅರ್ಧ ಜನ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ, ಒಂದೇ ಪದವನ್ನ ನಾಲ್ಕು ಥರ ಟೈಪ್ ಮಾಡ್ತಾರೆ. ಬೈಯಬೇಕು ಅನ್ನೋನು ಐದನೇ ಥರ ಕಂಡುಹಿಡೀತಾನೆ, ಚಟ್ನಿಪುಡಿಯವನು ಸಿಕ್ಕಿಬೀಳ್ತಾನೆ.

ಒಂದೇ ಪದ ಊರು ಬದಲಾದ್ರೆ ಬದಲಾಗೋದೂ ಉಂಟು. ಇಂಗ್ಲೆಂಡಿನಲ್ಲಿ 'ಸ್ಪಾಸ್ಟಿಕ್' ಅನ್ನೋದು ಎಷ್ಟು ಕೆಟ್ಟ ಬೈಗುಳ ಆಯಿತು ಅಂದ್ರೆ, ಅಲ್ಲಿನ ಸ್ಪಾಸ್ಟಿಕ್ಸ್ ಸೊಸೈಟಿ 1994ರಲ್ಲಿ ತನ್ನ ಹೆಸರನ್ನೇ ಬಿಟ್ಟು 'ಸ್ಕೋಪ್' ಆಯಿತು. ನಮ್ಮ ಇಂದಿರಾನಗರದಲ್ಲಿ ಸೆರೆಬ್ರಲ್ ಪಾಲ್ಸಿ ಇರೋ ಮಕ್ಕಳಿಗಾಗಿ ಕೆಲಸ ಮಾಡ್ತಾ ಬಂದಿರೋ ಸಂಸ್ಥೆಯ ಹೆಸರು ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ. ಲಂಡನ್ನಿನ ಪಟ್ಟಿ ತಂದು ಇಲ್ಲಿ ಅಂಟಿಸಿದ್ರೆ ಆ ಮಕ್ಕಳ ಸಂಸ್ಥೆಯ ಹೆಸರೇ ನಿಷಿದ್ಧ.

ಹಾಗಾದ್ರೆ ಕಾನೂನು ಏನು ಹೇಳುತ್ತೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ, ಅಂಗವೈಕಲ್ಯ ಇರುವ ವ್ಯಕ್ತಿಯನ್ನ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ, ಅವಮಾನ ಮಾಡಬೇಕು ಅಂತಲೇ ಹೀಯಾಳಿಸಿದ್ರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು ಮತ್ತು ದಂಡ. ಗಮನಿಸಿ, ಅಲ್ಲಿ ಪದಗಳ ಪಟ್ಟಿ ಇಲ್ಲ. ಯಾರಿಗೆ ಹೇಳಿದ್ದು, ಎಲ್ಲಿ ಹೇಳಿದ್ದು, ಯಾವ ಉದ್ದೇಶದಿಂದ ಹೇಳಿದ್ದು ಅನ್ನೋ ಮೂರು ಪ್ರಶ್ನೆ ಇದೆ.

2024ರ ಜುಲೈ 8ರಂದು ಸುಪ್ರೀಂ ಕೋರ್ಟ್ 'ಆಂಖ್ ಮಿಚೋಲಿ' ಅನ್ನೋ ಹಿಂದಿ ಸಿನಿಮಾ ಬಗ್ಗೆ ನಿಪುಣ್ ಮಲ್ಹೋತ್ರಾ ಹಾಕಿದ್ದ ಕೇಸಿನಲ್ಲಿ ತೀರ್ಪು ಕೊಟ್ಟಿತು. ಆ ಸಿನಿಮಾದಲ್ಲಿ ಕಿವಿ ಕೇಳದವನನ್ನ 'ಸೌಂಡ್‌ಪ್ರೂಫ್' ಅಂತಾರೆ, ತೊದಲುವವನನ್ನ ಸಿಕ್ಕಿಹಾಕಿಕೊಂಡ ಕ್ಯಾಸೆಟ್ ಅಂತಾರೆ ಅನ್ನೋದು ದೂರು. ಸೌಂಡ್‌ಪ್ರೂಫ್! ಜಗತ್ತಿನ ಯಾವ ನಿಷೇಧಿತ ಪಟ್ಟಿಯಲ್ಲೂ ಇಲ್ಲದ ಪದ, ನಮ್ಮ ಸಿವಿಲ್‌ನವರ ಟೆಕ್ಸ್ಟ್‌ಬುಕ್ಕಿನ ಪದ. ಆದ್ರೂ ಏಟು ಸರಿಯಾಗಿ ಬಿತ್ತು. ಕೋರ್ಟ್ ಸಿನಿಮಾಗೆ ಕತ್ತರಿ ಹಾಕಲಿಲ್ಲ. ಕೆಲವು ಪದಗಳು ತಾರತಮ್ಯವನ್ನ ಬೆಳೆಸ್ತವೆ, ಅವನ್ನ ಬಿಡಬೇಕು ಅಂತ ಹೇಳಿತು. ಅದರ ಜೊತೆಗೆ ನಮಗೆಲ್ಲ ಉಪಯೋಗಕ್ಕೆ ಬರೋ ಒಂದು ಗೆರೆ ಎಳೀತು. ಅಂಗವೈಕಲ್ಯವನ್ನ ಇನ್ನಷ್ಟು ಅರ್ಥ ಮಾಡಿಸೋ ಹಾಸ್ಯ ಬೇರೆ, ಅಂಗವೈಕಲ್ಯ ಇರುವವರನ್ನ ಕುಗ್ಗಿಸೋ ಹಾಸ್ಯ ಬೇರೆ. ನಮ್ಮ ಸ್ಕಿಟ್ ಬರೆಯೋರು ಈ ಗೆರೆಯನ್ನ ಪ್ರಾಕ್ಟೀಸ್ ರೂಮಿನ ಬೋರ್ಡ್ ಮೇಲೆ ಬರೆದಿಟ್ಟುಕೊಂಡ್ರೆ ಒಳ್ಳೇದು. ತೊದಲುವ ಹುಡುಗ ಸ್ಟೇಜ್ ಮೇಲೆ ತಾನೇ ತನ್ನ ಕಥೆ ಹೇಳಿ ನಗಿಸೋದು ಒಂದು. ತೊದಲದವನು ತೊದಲಿ ತೋರಿಸಿ ನಗು ಗಿಟ್ಟಿಸೋದು ಇನ್ನೊಂದು.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತೆ: ಪದ ಮುಖ್ಯ ಅಲ್ಲ ಅಂದ್ರೆ ಏನು ಬೇಕಾದ್ರೂ ಅನ್ನಬಹುದಾ? ಇಲ್ಲ. ಪದ ಮುಖ್ಯವೇ. ಜಪಾನಿನಲ್ಲಿ ಸ್ಕಿಜೋಫ್ರೇನಿಯಾಗೆ ಇದ್ದ ಹಳೇ ಹೆಸರಿನ ಅರ್ಥ 'ಮನಸ್ಸು ಸೀಳಿದ ಕಾಯಿಲೆ'. ರೋಗಿಗಳ ಮನೆಯವರ ಒಕ್ಕೂಟ ಕೇಳಿಕೊಂಡ ಮೇಲೆ 2002ರಲ್ಲಿ ಅಲ್ಲಿನ ಮನೋವೈದ್ಯರ ಸಂಘ ಆ ಹೆಸರು ಬದಲಿಸಿತು. ಆ ವರ್ಷ ನೂರರಲ್ಲಿ ಸುಮಾರು 37 ರೋಗಿಗಳಿಗೆ ಮಾತ್ರ ತಮ್ಮ ಕಾಯಿಲೆಯ ಹೆಸರನ್ನ ಡಾಕ್ಟರ್ ಹೇಳ್ತಿದ್ರು. 2004ರ ಹೊತ್ತಿಗೆ ಅದು ಸುಮಾರು 70 ಆಯಿತು. ಡಾಕ್ಟರಿಗೇ ಬಾಯಿಬಿಟ್ಟು ಹೇಳೋಕೆ ಆಗದ ಹೆಸರು ಹೋಗಿದ್ದು ಒಳ್ಳೇದೇ ಆಯ್ತು. ಆದ್ರೆ ಅಲ್ಲಿ ಹೆಸರು ಬದಲಿಸಿ ಅಂತ ಕೇಳಿದವರು ಯಾರು ನೋಡಿ. ಆ ಹೆಸರನ್ನ ಹೊತ್ತು ಬದುಕಿದವರ ಮನೆಯವರು. ಯಾರೋ ಅಡ್ಮಿನ್ ಅಲ್ಲ.

'ಸುಮ್ನೆ ತಮಾಷೆಗೆ ಅಂದಿದ್ದು, ಇಲ್ಲಿ ಯಾರೂ ಅಂಥವರು ಇಲ್ವಲ್ಲ' ಅನ್ನೋ ವಾದಕ್ಕೂ ಉತ್ತರ ಬೇಕು. 1995ರ ಕಾಯ್ದೆ ಗುರುತಿಸಿದ್ದು 7 ಬಗೆಯ ಅಂಗವೈಕಲ್ಯ. 2016ರದ್ದು 21. ಅದರಲ್ಲಿ ಮಾನಸಿಕ ಕಾಯಿಲೆ, ಆಟಿಸಂ, ಓದು ಬರಹದ ಕಲಿಕೆಗೆ ಸಂಬಂಧಿಸಿದ ವೈಕಲ್ಯ ಎಲ್ಲ ಇದೆ. ಗಾಲಿಕುರ್ಚಿ ಕಣ್ಣಿಗೆ ಕಾಣುತ್ತೆ, ಬ್ಯಾಗಿನ ಒಳಗಿನ ಜೇಬಲ್ಲಿರೋ ಮಾತ್ರೆ ಕಾಣಲ್ಲ. ಅರವತ್ತು ಜನರ ಕ್ಲಾಸಲ್ಲಿ 'ಯಾರೂ ಇಲ್ಲ' ಅಂತ ಹೇಳೋಕೆ ನಮ್ಮ ಹತ್ರ ಯಾವ ಸ್ಕ್ಯಾನರೂ ಇಲ್ಲ.

ಹಾಗಾದ್ರೆ ನ್ಯಾಯವಾಗಿ ತಡೆಯೋದು ಹೇಗೆ? ನಮಗೆ ತೋಚಿದ್ದು ಇಷ್ಟು.

ಮೊದಲನೇದು, ಪದ ನೋಡಬೇಡಿ, ಏಟು ಯಾರ ಮೇಲೆ ಬಿತ್ತು ನೋಡಿ. ಒಬ್ಬರ ಸ್ಥಿತಿಯನ್ನ ಹಿಡಿದು ಅವರನ್ನೇ ಹೀಯಾಳಿಸಿದ್ರೆ ಅವತ್ತೇ ನಿಲ್ಲಿಸಬೇಕು, ಪದ ಸೌಂಡ್‌ಪ್ರೂಫ್ ಆಗಿದ್ರೂ ಸರಿ. ಒಂದು ಸ್ಥಿತಿಯ ಹೆಸರನ್ನ ಬೇರೆಯವರಿಗೆ ಬೈಗುಳವಾಗಿ ಎಸೆದ್ರೆ, ಯಾಕೆ ಬೇಡ ಅಂತ ಹೇಳಿ ತಿದ್ದಬೇಕು.

ಎರಡನೇದು, ಗಾದೆ ಮತ್ತು ನುಡಿಗಟ್ಟುಗಳಿಗೆ ಶಿಕ್ಷೆ ಬೇಡ, ಚರ್ಚೆ ಇರಲಿ. 'ಕುಂಟುನೆಪ', 'ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ' ಇವೆಲ್ಲ ಭಾಷೆಯಲ್ಲಿ ತಲೆಮಾರುಗಳಿಂದ ಇವೆ. ಬಳಸಿದವರು ಯಾರನ್ನೂ ಮನಸ್ಸಲ್ಲಿಟ್ಟುಕೊಂಡು ಬಳಸಿರಲ್ಲ. ಆದ್ರೆ 'ಸುಳ್ಳು ನೆಪ' ಅಂದ್ರೂ ಅರ್ಥ ಆಗುತ್ತಲ್ವಾ ಅಂತ ಕೇಳೋದ್ರಲ್ಲಿ ತಪ್ಪಿಲ್ಲ. ಆರ್‌ಸಿಬಿ ಮ್ಯಾಚಲ್ಲಿ ಅಂಪೈರ್ ತಪ್ಪು ಔಟ್ ಕೊಟ್ಟ ಕೂಡ್ಲೇ ಯಾರೋ 'ಕುರುಡ' ಅಂತ ಕೂಗ್ತಾರೆ. 2012ರಲ್ಲಿ ಇದೇ ಬೆಂಗಳೂರಲ್ಲಿ ನಡೆದ ಅಂಧರ ಟಿ20 ವಿಶ್ವಕಪ್ ಗೆದ್ದಿದ್ದು ಶಿವಮೊಗ್ಗದ ಶೇಖರ್ ನಾಯ್ಕ್ ನಾಯಕತ್ವದ ಭಾರತ ತಂಡ. ಶಬ್ದ ಕೇಳಿ ಚೆಂಡು ಹೊಡೆಯೋ ಆ ಆಟಗಾರರಿಗೆ ಈ ಅಂಪೈರನ್ನ ಹೋಲಿಸಿದ್ರೆ ಅವಮಾನ ಆಗೋದು ಯಾರಿಗೆ ಅಂತ ಕೇಳಿ ನೋಡಿ. ಬ್ಯಾನ್ ಮಾಡೋದಕ್ಕಿಂತ ಈ ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತೆ.

ಮೂರನೇದು, ತಮ್ಮನ್ನ ತಾವು ಏನಂತ ಕರೆದುಕೊಳ್ಳಬೇಕು ಅನ್ನೋದು ಅವರವರಿಗೆ ಬಿಟ್ಟದ್ದು. ತನ್ನನ್ನ 'ನಾನು ಕುಂಟ' ಅಂತ ಹೇಳಿಕೊಳ್ಳೋ ಗೆಳೆಯನಿಗೆ 'ವಿಶೇಷಚೇತನ ಅನ್ನಬೇಕಪ್ಪಾ' ಅಂತ ಪಾಠ ಮಾಡೋಕೆ ನಾವು ಯಾರು? ಹಾಗಂತ ಅವನು ಅಂದುಕೊಂಡ ಅಂತ ನಾವೂ ಅನ್ನಬಹುದು ಅಂತಲ್ಲ. ನಿಯಮ ಮಾಡೋವಾಗ ಅಂಗವೈಕಲ್ಯ ಇರುವ ವಿದ್ಯಾರ್ಥಿಗಳನ್ನ ಮೊದಲು ಕೇಳಬೇಕು. ಆದ್ರೆ ಪ್ರತಿ ಜಗಳಕ್ಕೂ ಒಬ್ಬರನ್ನೇ ಎಳೆತಂದು 'ನಿಂಗೆ ನೋವಾಯ್ತಾ ಹೇಳು' ಅಂತ ಸಾಕ್ಷಿ ಮಾಡಬಾರದು. ಅವರು ಇಲ್ಲಿ ಓದೋಕೆ ಬಂದಿದ್ದಾರೆ.

ನಾಲ್ಕನೇದು, ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ ತಕ್ಕಡಿ, ಅಡ್ಮಿನ್‌ಗಳ ಗೆಳೆಯರಿಗೂ ಅದೇ ತಕ್ಕಡಿ. 'ಮೆಂಟಲ್' ತಪ್ಪಾದ್ರೆ 'ಸೈಕೋ' ಕೂಡ ತಪ್ಪು. ಜೂನಿಯರ್ ಬರೆದ್ರೆ ವಾರ್ನಿಂಗ್, ಫೈನಲ್ ಇಯರ್‌ನವರು ಬರೆದ್ರೆ ಸ್ಮೈಲಿ ಅಂದ್ರೆ ಆ ನಿಯಮವನ್ನ ಯಾರೂ ಮರ್ಯಾದೆಯಿಂದ ನೋಡಲ್ಲ.

ಐದನೇದು, ಗೊತ್ತಿಲ್ಲದೆ ಅಂದವರಿಗೆ ಪಕ್ಕಕ್ಕೆ ಕರೆದು ಹೇಳಿ, ಕಾರಣ ಹೇಳಿ, ಬದಲಿ ಮಾತು ಕೊಡಿ. ಎಲ್ಲರ ಮುಂದೆ ಒಬ್ಬರನ್ನ ನೋಯಿಸಿದವರು ಮಾತ್ರ ಎಲ್ಲರ ಮುಂದೆಯೇ ಕ್ಷಮೆ ಕೇಳಲಿ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸಮಯ್ ರೈನಾ ಸೇರಿದಂತೆ ಐವರು ಸ್ಟ್ಯಾಂಡಪ್ ಕಾಮಿಡಿಯನ್‌ಗಳಿಗೆ ಹೇಳಿದ್ದೂ ಇದೇ: ಅಂಗವೈಕಲ್ಯದ ಬಗ್ಗೆ ಜೋಕ್ ಮಾಡಿದ ನಿಮ್ಮ ಚಾನೆಲ್‌ಗಳಲ್ಲೇ ಕ್ಷಮೆ ಕೇಳಿ. ಗ್ರೂಪಿಂದ ತೆಗೆಯೋದು ಕೊನೇ ಹೆಜ್ಜೆ ಆಗಲಿ. ತೆಗೆಯೋಕೆ ಮುಂಚೆ ಆ ವ್ಯಕ್ತಿಯ ಮಾತನ್ನೂ ಕೇಳಿ.

ಇದೆಲ್ಲ ಬಾಟ್ ಬರೆಯೋದಕ್ಕಿಂತ ನಿಧಾನ. ಪ್ರತಿ ಸಲ ಯಾರೋ ಒಬ್ಬರು ಕೂತು ಓದಬೇಕು, ಯೋಚಿಸಬೇಕು, ಕೆಲವು ಸಲ ಬೈಸಿಕೊಳ್ಳಬೇಕು. ಬೇರೆ ದಾರಿ ಇಲ್ಲ. ಮಾತು ತಿದ್ದಿದ ಕೂಡಲೇ ಕೆಲಸ ಮುಗಿಯಲ್ಲ ಅಂತಲೂ ಗೊತ್ತು. ಕೆಂಗೇರಿಯಿಂದಲೋ ವಿಜಯನಗರದಿಂದಲೋ ಮೆಟ್ರೋದಲ್ಲಿ ಬರೋರು ಪ್ಲಾಟ್‌ಫಾರ್ಮಿನ ಹಳದಿ ಉಬ್ಬುಟೈಲ್ಸ್ ನೋಡಿರ್ತೀರಿ. ಕಣ್ಣು ಕಾಣದವರು ಕೋಲಲ್ಲಿ, ಕಾಲಲ್ಲಿ ಮುಟ್ಟಿ ದಾರಿ ತಿಳಿಯೋಕೆ ಇರೋದು ಅದು. ಅದರ ಮೇಲೆ ಬ್ಯಾಗ್ ಇಟ್ಟು, ಫೋನಲ್ಲಿ 'ದೃಷ್ಟಿ ವಿಶೇಷಚೇತನರು' ಅಂತ ಸರಿಯಾದ ಪದ ಟೈಪ್ ಮಾಡಿದ್ರೆ ಏನು ಬಂತು?

ತ್ರಿವೇಣಿಯವರ ಕಾದಂಬರಿಯನ್ನ ಪುಟ್ಟಣ್ಣ ಕಣಗಾಲ್ 'ಶರಪಂಜರ' ಸಿನಿಮಾ ಮಾಡಿ ಅರ್ಧ ಶತಮಾನವೇ ಕಳೀತು. ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ಕಾವೇರಿಯನ್ನ ಮತ್ತೆ ಆಸ್ಪತ್ರೆಗೆ ಕಳಿಸಿದ್ದು ಬರೀ ಕಾಯಿಲೆ ಅಲ್ಲ, ಸುತ್ತಲಿನವರ ನೋಟ ಮತ್ತು ಮಾತು. ನಮ್ಮ ಅಜ್ಜಿ ತಾತಂದಿರು ಥಿಯೇಟರಲ್ಲಿ ಅತ್ತು ಬಂದ ಕಥೆ ಅದು. ನಮ್ಮ ಕ್ಲಾಸಲ್ಲಿ ಇವತ್ತು ಯಾರಿಗೋ ರಾತ್ರಿ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಡಾಕ್ಟರ ಹತ್ರ ಹೋಗಬೇಕು ಅನ್ನಿಸ್ತಿದೆ ಅಂದುಕೊಳ್ಳಿ. ಬೆಳಿಗ್ಗೆಯಿಂದ ಹತ್ತು ಸಲ 'ನಿಮ್ಹಾನ್ಸ್ ಕೇಸು' ಅನ್ನೋ ಜೋಕು ಕೇಳಿದ ಆ ಹುಡುಗಿ ಅಥವಾ ಹುಡುಗ ನಿಮ್ಹಾನ್ಸ್ ಒಪಿಡಿ ಸಾಲಲ್ಲಿ ನಿಲ್ಲೋಕೆ ಎಷ್ಟು ಧೈರ್ಯ ಮಾಡಬೇಕು? ನಾವು ಈ ಮಾತು ನಿಲ್ಲಬೇಕು ಅನ್ನೋದು ಆ ಸಾಲು ಸುಲಭ ಆಗಲಿ ಅಂತ, ಪಟ್ಟಿ ಬೇಡ ಅನ್ನೋದೂ ಅದಕ್ಕೇ. ಅಲ್ಲಿಗೆ ಹೋಗೋಕೆ ಕಷ್ಟ ಅನ್ಸಿದ್ರೆ ಟೆಲಿ ಮಾನಸ್ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. ಇದನ್ನ ನಿಮ್ಮ ಗ್ರೂಪಲ್ಲಿ ಪಿನ್ ಮಾಡಿ.